ಹೆಣ್ಣುಮಕ್ಕಳ ಕೂದಲು ಉದುರುವಿಕೆಗೆ ಹಾರ್ಮೋನ್ ಔಷಧ: ಚರ್ಮರೋಗ ಪೋಸ್ಟಿಂಗಿಗೆ ಮುಂಚೆ ಓದಿಕೊಳ್ಳಲು

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಹಳ ಮಂದಿ ಎಡವುವುದು ಒಂದೇ ಕಡೆ. ಗಂಡು ಹಾರ್ಮೋನಿನ ಪ್ರಭಾವ ತಗ್ಗಿಸುವ ಔಷಧ ಕೊಡುತ್ತಾರೆ ಅಂದಮೇಲೆ ರಕ್ತದಲ್ಲಿ ಗಂಡು ಹಾರ್ಮೋನು ಹೆಚ್ಚಾಗಿರಲೇಬೇಕು ಅನ್ನುತ್ತಾರೆ. ಹಾಗೇನಿಲ್ಲ. ನೆತ್ತಿ ತೆಳುವಾದ ಬಹುಪಾಲು ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಸಹಜ ಮಟ್ಟದಲ್ಲೇ ಇರುತ್ತದೆ. ಕೂದಲಿನ ಬುಡ ಅದಕ್ಕೆ ಹೇಗೆ ಸ್ಪಂದಿಸುತ್ತದೆ ಅನ್ನುವುದರಲ್ಲಿ ವ್ಯತ್ಯಾಸ. ಹಾಗಾಗಿ ರಿಪೋರ್ಟು ನಾರ್ಮಲ್ ಬಂತೆಂದು ಈ ಔಷಧಗಳನ್ನು ಬದಿಗಿಡುವುದು ಸರಿಯಲ್ಲ.

ಬುಡದಲ್ಲಿ ನಡೆಯುವುದು ಇಷ್ಟು: 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಇನ್ನೂ ಪ್ರಬಲ ಗಂಡು ಹಾರ್ಮೋನಾದ ಡಿಎಚ್‌ಟಿ ಮಾಡುತ್ತದೆ. ಡಿಎಚ್‌ಟಿ ಆಂಡ್ರೊಜನ್ (ಗಂಡು ಹಾರ್ಮೋನು) ಗ್ರಾಹಕಕ್ಕೆ ಅಂಟಿಕೊಂಡರೆ ಕೂದಲು ಬೆಳೆಯುವ ಹಂತ ಮೊಟಕಾಗುತ್ತದೆ, ಪ್ರತಿ ಸುತ್ತಿಗೂ ಎಳೆ ಇನ್ನಷ್ಟು ಸಣ್ಣಗಾಗುತ್ತದೆ. ಹರೆಯಕ್ಕೆ ಮುಂಚೆಯೇ ವೃಷಣ ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರುವುದಿಲ್ಲವೆಂದು ಹ್ಯಾಮಿಲ್ಟನ್ ತೋರಿಸಿದ್ದು 1942ರಲ್ಲಿ. ಈ ಕಥೆ ಅಲ್ಲಿಂದ ಶುರು. ಆದರೆ ಹೆಂಗಸರ ವಿಷಯ ಅಷ್ಟು ಸರಳವಲ್ಲ. ಆಂಡ್ರೊಜನ್ ಗ್ರಾಹಕವೇ ಕೆಲಸ ಮಾಡದ ಮಹಿಳೆಯಲ್ಲೂ ಇದೇ ಬಗೆಯ ಉದುರುವಿಕೆ ವರದಿಯಾಗಿದೆ. ಕೆಲವರಿಗೆ ಔಷಧ ಯಾಕೆ ನಾಟುವುದಿಲ್ಲ ಅನ್ನುವುದಕ್ಕೆ ಒಂದು ಸುಳಿವು ಇಲ್ಲಿದೆ.

ನಮ್ಮ ಕಲಬುರಗಿ ಕಡೆಯ ಒಪಿಡಿಯಲ್ಲಿ ಕೂತರೆ ಕೇಳಿಬರುವ ಮಾತು: "ಮೇಡಂರೀ, ಬೋರಿನ ನೀರಿಗಿ ಕೂದಲೆಲ್ಲ ಹೊಂಟಾವ್ರಿ." ಸವುಳ ನೀರಿನಿಂದ ಕೂದಲು ಒರಟಾಗಬಹುದು, ಆದರೆ ಅದು ಬೈತಲೆ ಅಗಲ ಮಾಡುವುದಿಲ್ಲ. ಕೇಳಬೇಕಾದ್ದು ಬೇರೆ. ಟೈಫಾಯಿಡ್, ಡೆಂಗಿ, ಹೆರಿಗೆ, ಆಪರೇಷನ್ ಆಗಿ ಎರಡು-ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುತ್ತಿದ್ದರೆ ಅದು ಟೆಲೊಜನ್ ಎಫ್ಲುವಿಯಂ, ಅಂದರೆ ತಾತ್ಕಾಲಿಕ ಉದುರುವಿಕೆ. ತಾನೇ ಸುಧಾರಿಸುತ್ತದೆ, ಹಾರ್ಮೋನ್ ಔಷಧದ ಕೆಲಸ ಅಲ್ಲಿಲ್ಲ. ಹಣೆಯಂಚು ಉಳಿದು ನಡುನೆತ್ತಿ ಮಾತ್ರ ನಿಧಾನಕ್ಕೆ ತೆಳುವಾಗಿದ್ದರೆ ಅದು ಹೆಣ್ಣುಮಾದರಿಯ ಉದುರುವಿಕೆ, ಲುಡ್ವಿಗ್ 1977ರಲ್ಲಿ ಮೂರು ದರ್ಜೆಗಳಲ್ಲಿ ವಿಂಗಡಿಸಿದ್ದು ಇದನ್ನೇ. ಜೊತೆಗೆ ಮುಟ್ಟು ಏರುಪೇರು, ಗದ್ದದ ಮೇಲೆ ಕೂದಲು, ಮೊಡವೆ ಇದ್ದರೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಹುಡುಕಬೇಕು. ದನಿ ಗಡುಸಾಗಿ, ಇದೆಲ್ಲ ಕೆಲವೇ ತಿಂಗಳಲ್ಲಿ ಏಕಾಏಕಿ ಬಂದಿದ್ದರೆ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹ), ಥೈರಾಯ್ಡ್ ಎಲ್ಲರಿಗೂ ನೋಡುವುದು ಒಳ್ಳೆಯದು. ಅಂಗಡಿಯ ಬಯೋಟಿನ್ ಗುಳಿಗೆ ನುಂಗುತ್ತಿದ್ದಾರಾ ಅಂತಲೂ ಕೇಳಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು.

ಈಗ ಸ್ಪೈರೊನೊಲ್ಯಾಕ್ಟೋನ್. ಇದನ್ನು ಬಿಪಿ, ಹೃದಯ ವೈಫಲ್ಯ, ಹೊಟ್ಟೆಯ ನೀರಿಗೆ ಕೊಡುವುದನ್ನು ಮೆಡಿಸಿನ್ ವಾರ್ಡಿನಲ್ಲಿ ನೋಡೇ ಇರುತ್ತೀರಿ. ದೇಹದಲ್ಲಿ ಉಪ್ಪು-ನೀರು ಹಿಡಿದಿಡುವ ಆಲ್ಡೊಸ್ಟೆರಾನ್ ಹಾರ್ಮೋನನ್ನು ತಡೆಯುವ ಈ ಔಷಧವೇ ಆಂಡ್ರೊಜನ್ ಗ್ರಾಹಕವನ್ನೂ ತಡೆಯುತ್ತದೆ, ಸ್ವಲ್ಪ ಮಟ್ಟಿಗೆ ಆಂಡ್ರೊಜನ್ ತಯಾರಿಕೆಯನ್ನೂ ಇಳಿಸುತ್ತದೆ. ಕೂದಲಿಗೆ ದಿನಕ್ಕೆ 50ರಿಂದ 200 ಮಿಲಿಗ್ರಾಂ, ಕಡಿಮೆಯಿಂದ ಶುರುಮಾಡಿ ಏರಿಸುತ್ತಾರೆ. ಇದಕ್ಕೆ ಕೂದಲಿನ ಹೆಸರಿನಲ್ಲಿ ಮಂಜೂರಾತಿ ಇಲ್ಲ, ಅನುಭವದ ಮೇಲೆ ಬಳಕೆಗೆ ಬಂದದ್ದು. ಮುಟ್ಟು ಬೇಗಬೇಗ ಬರುವುದು, ನಡುನಡುವೆ ರಕ್ತದ ಕಲೆ ಕಾಣುವುದು, ಸ್ತನಗಳಲ್ಲಿ ನೋವು, ತಲೆ ಸುತ್ತು ಸಾಮಾನ್ಯ. ಇದು ಮೂತ್ರ ಹೆಚ್ಚಿಸುವ ಗುಳಿಗೆ ಅನ್ನುವುದನ್ನು ಮರೆಯಬೇಡಿ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲಕ್ಕೋ ಕಟ್ಟಡದ ಕೆಲಸಕ್ಕೋ ಹೋಗುವ ಹೆಣ್ಣುಮಗಳಿಗೆ ನೀರು ಕುಡಿಯುವ ಬಗ್ಗೆ, ತಟ್ಟನೆ ಎದ್ದು ನಿಲ್ಲದಿರುವ ಬಗ್ಗೆ ಹೇಳಲೇಬೇಕು. ಪೊಟ್ಯಾಸಿಯಂ ಏರುವ ಭಯ ಆರೋಗ್ಯವಂತ ಹುಡುಗಿಯರಲ್ಲಿ ಕಡಿಮೆ. ಮೂತ್ರಪಿಂಡ ಸೊರಗಿದವರು, ವಯಸ್ಸಾದವರು, ಹೆಸರು ‘-ಪ್ರಿಲ್’ ಅಥವಾ ‘-ಸಾರ್ಟಾನ್’ ಎಂದು ಮುಗಿಯುವ ಬಿಪಿ ಗುಳಿಗೆ ನುಂಗುವವರಲ್ಲಿ ಮಾತ್ರ ಅದು ನಿಜವಾದ ಅಪಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಬಸಿರು. ಗಂಡು ಭ್ರೂಣದ ಜನನಾಂಗ ರೂಪುಗೊಳ್ಳಲು ಆಂಡ್ರೊಜನ್ ಬೇಕು. ಸ್ಪೈರೊನೊಲ್ಯಾಕ್ಟೋನ್, ಆಂಡ್ರೊಜನ್ ಗ್ರಾಹಕ ತಡೆಯುವ ಸೈಪ್ರೊಟೆರೋನ್, 5-ಆಲ್ಫಾ ರಿಡಕ್ಟೇಸ್ ತಡೆಯುವ ಫಿನಾಸ್ಟೆರೈಡ್ ಮೂರೂ ಅದಕ್ಕೆ ಅಡ್ಡ ಬರಬಲ್ಲವು. ಮದುವೆ ನಿಶ್ಚಯವಾದ ಹುಡುಗಿ ತಾಯಿಯ ಜೊತೆ, ಹೊಸ ಸೊಸೆ ಅತ್ತೆಯ ಜೊತೆ ಬರುತ್ತಾರೆ. ಅತ್ತೆ ಎದುರಿಗೆ ಗರ್ಭನಿರೋಧಕದ ಪ್ರಶ್ನೆ ಕೇಳಿದರೆ ನಿಜ ಉತ್ತರ ಬರುವುದಿಲ್ಲ. ಪರೀಕ್ಷೆ ಮಾಡುವ ನೆಪದಲ್ಲಾದರೂ ಅವಳನ್ನು ಒಬ್ಬಳನ್ನೇ ಒಳಗೆ ಕರೆಯಿರಿ. ಖಚಿತ ಉತ್ತರ ಸಿಗದಿದ್ದರೆ ಚೀಟಿ ಬರೆಯದಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲದ್ದರಿಂದ ಇಲ್ಲಿ ಒಳ್ಳೆಯ ಜೋಡಿ. ಆರೋಗ್ಯ ಕೇಂದ್ರದ ಮಾಲಾ-ಎನ್‌ನಲ್ಲಿರುವ ಲಿವೊನಾರ್‌ಜೆಸ್ಟ್ರೆಲ್‌ಗೆ ತುಸು ಆಂಡ್ರೊಜನ್ ಗುಣವಿದೆ, ಕೂದಲಿನ ದೃಷ್ಟಿಯಿಂದ ಅದು ಮೊದಲ ಆಯ್ಕೆಯಲ್ಲ. ಗರ್ಭ ತಡೆಯುವುದರಲ್ಲಿ ಮಾತ್ರ ಕೊರತೆಯಿಲ್ಲ.

ಪಿಸಿಒಎಸ್ ಇದ್ದವರಿಗೆ ಈಸ್ಟ್ರೊಜನ್ ಜೊತೆ 2 ಮಿಲಿಗ್ರಾಂ ಸೈಪ್ರೊಟೆರೋನ್ ಇರುವ ಗುಳಿಗೆ ಬರೆಯುವುದುಂಟು. ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಧೂಮಪಾನ, ಮುನ್ಸೂಚನೆ (ಆರಾ) ಇರುವ ಮೈಗ್ರೇನ್, ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವನ್ನು ಕೇಳದೆ ಕೊಡಬಾರದು. ಇದೇ ಗುಂಪಿನ ಫ್ಲುಟಮೈಡ್ ಲಿವರ್ ಕೆಡಿಸಬಲ್ಲದು, ಕೂದಲಿಗಾಗಿ ಅದು ಬೇಡವೇ ಬೇಡ.

ಫಿನಾಸ್ಟೆರೈಡ್ 1 ಮಿಲಿಗ್ರಾಂ ಅಮೆರಿಕದಲ್ಲಿ 1997ರಲ್ಲಿ ಗಂಡಸರ ಬೊಕ್ಕತಲೆಗೆ ಮಂಜೂರಾಯಿತು. ಮುಟ್ಟು ನಿಂತ 137 ಹೆಂಗಸರಿಗೆ ಅದೇ ಪ್ರಮಾಣವನ್ನು ಒಂದು ವರ್ಷ ಕೊಟ್ಟು ನೋಡಿದ ಅಧ್ಯಯನದಲ್ಲಿ ಔಷಧವಿಲ್ಲದ ಹುಸಿ ಗುಳಿಗೆಗಿಂತ ಹೆಚ್ಚೇನೂ ಸಿಗಲಿಲ್ಲ. ಪ್ರಮಾಣ ಹೆಚ್ಚಿಸಿದರೆ ಕೆಲವರಿಗೆ ಉಪಯೋಗ ಕಂಡ ವರದಿಗಳಿವೆ, ಆದರೆ ಪುರಾವೆ ಸಣ್ಣದು.

ನೆತ್ತಿಗೆ ಹಚ್ಚುವ ಮಿನೊಕ್ಸಿಡಿಲ್ ಹಾರ್ಮೋನ್ ಔಷಧವೇ ಅಲ್ಲ, ಆದರೂ ಮೊದಲು ಕೊಡುವುದು ಅದನ್ನೇ. ಮೇಲಿನವು ಅದರ ಜೊತೆಗೆ ಸೇರಿಸುವಂಥವು. ಶುರುವಿನ ವಾರಗಳಲ್ಲಿ ಉದುರುವುದು ಹೆಚ್ಚುತ್ತದೆ ಎಂದು ಮೊದಲೇ ಹೇಳದಿದ್ದರೆ ಬಾಟಲಿ ಮೂಲೆ ಸೇರುತ್ತದೆ. ಯಾವುದೇ ಔಷಧವಾದರೂ ಆರು ತಿಂಗಳಿಗೆ ಮುಂಚೆ ಫಲ ಅಳೆಯಬೇಡಿ. ಅದೇ ಬೆಳಕು, ಅದೇ ಬೈತಲೆ, ಎಣ್ಣೆ ಹಚ್ಚದ ತಲೆ, ಹೀಗೆ ಫೋಟೊ ತೆಗೆದಿಟ್ಟುಕೊಂಡು ಹೋಲಿಸಿ. ಉದುರುವುದು ನಿಂತರೂ ಅದು ಗೆಲುವೇ. ಆದರೆ ಗುಳಿಗೆ ಬಿಟ್ಟ ಕೆಲವು ತಿಂಗಳಲ್ಲಿ ತೆಳುವಾಗುವುದು ಮತ್ತೆ ಶುರುವಾಗುತ್ತದೆ.