ಹಡಗಿನ ಎಣ್ಣೆ ಕೆಟ್ಟರೆ ಹೊಣೆ ಯಾರದು?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಹಡಗು ಅಂದರೆ ಮೊದಲು ನೆನಪಾಗುವುದು ಹೊಳೆಬಾಗಿಲಿನ ಲಾಂಚ್. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಗುವ ತನಕ ಹಿನ್ನೀರಿನ ಆಚೆಗೆ ಜನರನ್ನೂ ಬಸ್ಸನ್ನೂ ದಾಟಿಸಿದ್ದು ಅದೇ. ನಮ್ಮ ಅಕ್ಕನ ಮಗ ಆ ಲಾಂಚಿನ ಸದ್ದು ಕೇಳುತ್ತಾ ಬೆಳೆದವನು. ಈಗ ಸರಕು ಹಡಗಿನಲ್ಲಿ ಇಂಜಿನಿಯರ್. ಕಳೆದ ಸಲ ರಜೆಗೆ ಬಂದಾಗ ತುಂಬಾ ಸೊರಗಿದ್ದ. "ಎಣ್ಣೆ ಕೆಟ್ಟಿತ್ತು ಮಾವ, ಮೂರು ದಿನ ಮಲಗಲೇ ಇಲ್ಲ" ಅಂದ. ಫಿಲ್ಟರ್ ಬಿಚ್ಚಿ ತೊಳೆದು ಹಾಕುವಷ್ಟರಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿತ್ತಂತೆ. ಮಾರಿದವರನ್ನು ಕೇಳಲಿಲ್ವಾ ಎಂದೆ. ಎಣ್ಣೆ ತುಂಬಿಸಿ ಮೂರು ವಾರದ ಮೇಲೆ ಆ ಟ್ಯಾಂಕ್ ಬಳಸಲು ಶುರು ಮಾಡಿದ್ದರು. ದೂರು ಕೊಡಲು ಕರಾರಿನಲ್ಲಿ ಇದ್ದದ್ದು 14 ದಿನ.

ಆ 14 ದಿನ ನನ್ನ ತಲೆಯಿಂದ ಹೋಗಲೇ ಇಲ್ಲ. ಅದರ ಹಿಂದಿನ ಕಥೆ ದೊಡ್ಡದಿದೆ.

ಹಡಗಿನ ಎಣ್ಣೆಗೆ ಬಂಕರ್ ಅಂತಾರೆ. ಉಗಿ ಹಡಗಿನ ಕಾಲದಲ್ಲಿ ಕಲ್ಲಿದ್ದಲು ತುಂಬಿಡುವ ಕೋಣೆಗೆ ಇದ್ದ ಹೆಸರು ಅದು. ಕಲ್ಲಿದ್ದಲು ಹೋಗಿ ಎಣ್ಣೆ ಬಂದರೂ ಹೆಸರು ಉಳಿಯಿತು. ಆದರೆ ಇದು ನಮ್ಮ ಬಂಕಿನಲ್ಲಿ ಸಿಗುವ ಡೀಸೆಲ್ ಅಲ್ಲ. ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಸಿ. ಬಿಸಿ ಮಾಡದಿದ್ದರೆ ಪೈಪಿನಲ್ಲಿ ಹರಿಯುವುದೂ ಕಷ್ಟ.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ರಿಫೈನರಿಗಳು ಆ ಗಸಿಯಿಂದಲೂ ಇನ್ನಷ್ಟು ಪೆಟ್ರೋಲ್ ಹಿಂಡತೊಡಗಿದವು. ಅದಕ್ಕೆ ಬಳಸುವ ಪುಡಿಯಲ್ಲಿ ಅಲ್ಯೂಮಿನಿಯಂ, ಸಿಲಿಕಾನ್ ಇರುತ್ತದೆ. ಆ ಪುಡಿಯ ಸಣ್ಣ ಕಣಗಳು ಎಣ್ಣೆಯಲ್ಲೇ ಉಳಿಯುತ್ತವೆ. ಉಕ್ಕಿಗಿಂತ ಗಟ್ಟಿ. ಸಿಲಿಂಡರಿಗೆ ಹೋದರೆ ಲೈನರನ್ನೂ ಪಿಸ್ಟನ್ ರಿಂಗನ್ನೂ ಮರಳುಕಾಗದದ ಹಾಗೆ ಉಜ್ಜಿ ಹಾಕುತ್ತವೆ.

ಇದಕ್ಕೊಂದು ಅಳತೆಗೋಲು ಬೇಕಾಯಿತು. 1987ರಲ್ಲಿ ಐಎಸ್ಒ 8217 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ನೀರು ಎಷ್ಟಿರಬಹುದು, ಬೂದಿ ಎಷ್ಟು, ಎಷ್ಟು ಡಿಗ್ರಿಗೆ ಬೆಂಕಿ ಹತ್ತಬಹುದು, ಎಲ್ಲಕ್ಕೂ ಮಿತಿ. ಆ ಗಟ್ಟಿ ಕಣಗಳ ಮಿತಿ ಕಿಲೋಗೆ 80 ಮಿಲಿಗ್ರಾಂ ಇದ್ದದ್ದು 2010ರಲ್ಲಿ 60ಕ್ಕೆ ಇಳಿಯಿತು. ಆಮೇಲೆ ಗಂಧಕದ ಸರದಿ. ಹೊಗೆಯ ಮಾಲಿನ್ಯ ತಡೆಯಲು 2005ರಲ್ಲಿ ಶೇ. 4.5ರ ಮಿತಿ ಹಾಕಿದರು. 2012ರಲ್ಲಿ ಶೇ. 3.5 ಆಯಿತು, 2020ರಲ್ಲಿ ಒಮ್ಮೆಲೇ ಶೇ. 0.5. ಗಾಳಿಗೆ ಇದು ಒಳ್ಳೆಯದೇ. ಆದರೆ ಆ ಮಿತಿ ಮುಟ್ಟಲು ಬೇರೆ ಬೇರೆ ಎಣ್ಣೆ ಬೆರೆಸುವುದು ಜಾಸ್ತಿಯಾಯಿತು. ಎರಡು ಎಣ್ಣೆ ಬೇರೆಬೇರೆಯಾಗಿ ಪರೀಕ್ಷೆಯಲ್ಲಿ ಪಾಸಾದರೂ, ಒಂದೇ ಟ್ಯಾಂಕಿಗೆ ಬಿದ್ದಾಗ ಹಾಲು ಒಡೆದ ಹಾಗೆ ಗಸಿ ಬಿಡಬಹುದು.

ಮಾನದಂಡದ ದೊಡ್ಡ ತೊಡಕು ನನಗೆ ಕಾಣುವುದು ಇಲ್ಲೇ. ಹುಡುಕಿದ್ದು ಮಾತ್ರ ಸಿಗುತ್ತದೆ. 2022ರ ಆರಂಭದಲ್ಲಿ ಸಿಂಗಾಪುರದಲ್ಲಿ ಸುಮಾರು 200 ಹಡಗುಗಳಿಗೆ ಕ್ಲೋರಿನ್ ಸಂಯುಕ್ತಗಳು ಬೆರೆತ ಎಣ್ಣೆ ಹೋಯಿತು. ಮಾಮೂಲಿ ಪರೀಕ್ಷೆಯಲ್ಲಿ ಅದು ಗೊತ್ತಾಗುವ ಹಾಗಿರಲಿಲ್ಲ. ಸುಮಾರು 80 ಹಡಗುಗಳಲ್ಲಿ ಫ್ಯುಯಲ್ ಪಂಪು, ಇಂಜಿನ್ ತೊಂದರೆ ಕೊಟ್ಟವು. ಇಂಜಿನ್ನಿಗೆ ಹಾನಿ ಮಾಡುವ ಯಾವ ವಸ್ತುವೂ ಇರಬಾರದು ಅಂತ ಐಎಸ್ಒ 8217ರಲ್ಲೇ ಒಂದು ಮಾತಿದೆ. ಆದರೆ ಹಾನಿಯಾದದ್ದು ಅದರಿಂದಲೇ ಅಂತ ತೋರಿಸುವ ಕೆಲಸ ಕೊಂಡವನ ತಲೆಗೆ ಬರುತ್ತದೆ.

ತೋರಿಸಲು ಕೈಯಲ್ಲಿರುವುದು ಸ್ಯಾಂಪಲ್ ಬಾಟಲಿ ಒಂದೇ. ಶಿವಮೊಗ್ಗದ ಅಡಿಕೆ ಮಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಶಿ ಇಡಿ ಇರಲಿ, ಬೆಟ್ಟೆ ಇರಲಿ, ಗೊರಬಲು ಇರಲಿ, ಸ್ಯಾಂಪಲ್ ನೋಡಿಯೇ ದರ ಹಾಕುವುದು. ಚೀಲದ ಬಾಯಿಂದ ತೆಗೆದರೆ ಒಂದು ದರ, ತಳದಿಂದ ತೆಗೆದರೆ ಇನ್ನೊಂದು. ಹಡಗಿನಲ್ಲಿ ಅದಕ್ಕೇ ಎಣ್ಣೆ ಪೈಪು ಸೇರುವ ಜಾಗದಲ್ಲಿ, ತುಂಬಿಸುವ ಅಷ್ಟೂ ಹೊತ್ತು, ಹನಿಹನಿಯಾಗಿ ಸ್ಯಾಂಪಲ್ ಹಿಡಿಯಬೇಕು. ಮಾಲಿನ್ಯ ನಿಯಮದ ಪ್ರಕಾರ ಅದನ್ನು ಸೀಲ್ ಮಾಡಿ, ಎರಡೂ ಕಡೆಯವರು ಸಹಿ ಹಾಕಿ, ಕನಿಷ್ಠ 12 ತಿಂಗಳು ಇಡಬೇಕು. ಆದರೆ ದುಡ್ಡಿನ ಜಗಳಕ್ಕೆ ಯಾವ ಬಾಟಲಿ ಲೆಕ್ಕ ಅನ್ನುವುದನ್ನು ಕರಾರು ಹೇಳುತ್ತದೆ. ಎಣ್ಣೆ ತಂದ ಬಾರ್ಜಿನಲ್ಲಿ ಮಾರುವವರೇ ಹಿಡಿದ ಬಾಟಲಿ ಅಂತ ಬರೆದಿದ್ದರೆ ಹಡಗಿನವರ ಬಾಟಲಿಗೆ ಬೆಲೆ ಇಲ್ಲ.

ಕರಾರು ಬರೆದವರು ಯಾರು? ಹೆಚ್ಚಾಗಿ ಮಾರುವವರೇ. ಏಳು ದಿನ, 14 ದಿನ ಅನ್ನುವ ಗಡುವುಗಳು ಬಂದದ್ದು ಅಲ್ಲಿಂದ. ಎರಡೂ ಕಡೆಗೆ ಸರಿಹೋಗುವ ಒಂದು ಮಾದರಿ ಕರಾರು ಬರಲಿ ಅಂತ ಬಿಮ್ಕೊ ಬಹಳ ಕಾಲದಿಂದ ಪ್ರಯತ್ನಿಸುತ್ತಿದೆ. ಇದು 1905ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಹಡಗು ಉದ್ಯಮದ ಸಂಘ. 1995ರಲ್ಲಿ ಮೊದಲ ಮಾದರಿ ತಂದರು, 2001ರಲ್ಲಿ ತಿದ್ದಿದರು, 2015 ಮತ್ತು 2018ರಲ್ಲಿ ಮತ್ತೆ ಬರೆದರು. 2018ರದ್ದರಲ್ಲಿ ಗುಣಮಟ್ಟದ ದೂರಿಗೆ 30 ದಿನ ಇದೆ. ಆದರೆ ಇದು ಕಾನೂನಲ್ಲ, ಇಬ್ಬರೂ ಒಪ್ಪಿದರೆ ಮಾತ್ರ.

ಸಾಲದ್ದಕ್ಕೆ ಎಣ್ಣೆ ಕೊಳ್ಳುವವರು ಎಷ್ಟೋ ಸಲ ಹಡಗಿನ ಮಾಲೀಕರಲ್ಲ, ಬಾಡಿಗೆಗೆ ಹಿಡಿದವರು. ನಡುವೆ ದಲ್ಲಾಳಿ ಕಂಪನಿಗಳು. ಈ ಸರಪಳಿ ಎಷ್ಟು ಗೋಜಲು ಅಂತ 2014ರ ನವೆಂಬರಿನಲ್ಲಿ ಗೊತ್ತಾಯಿತು. ದೊಡ್ಡ ವ್ಯಾಪಾರಿ ಓಡಬ್ಲ್ಯು ಬಂಕರ್ ದಿವಾಳಿಯಾಯಿತು. ಎಣ್ಣೆ ನಿಜವಾಗಿ ಕೊಟ್ಟವರೂ ಹಣ ಕೇಳಿದರು, ದಿವಾಳಿ ಕಂಪನಿಗೆ ಸಾಲ ಕೊಟ್ಟ ಬ್ಯಾಂಕೂ ಕೇಳಿತು. 'ರೆಸ್ ಕಾಜಿಟಾನ್ಸ್' ಎಂಬ ಹಡಗಿನ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನಕ ಹೋಯಿತು. ಹಣ ಕೊಡುವ ಮೊದಲೇ ಎಣ್ಣೆ ಉರಿಸಲು ಅನುಮತಿ ಇರುವ ಈ ಕರಾರು ಮಾಮೂಲಿ ಸರಕು ಮಾರಾಟವಲ್ಲ ಅಂತ ಅದು 2016ರಲ್ಲಿ ತೀರ್ಪು ಕೊಟ್ಟಿತು. ಮಾರಾಟದ ಕಾನೂನು ಹಿಡಿದು ಬಿಲ್ಲು ತಪ್ಪಿಸಿಕೊಳ್ಳಲು ಹಡಗಿನ ಮಾಲೀಕರಿಗೆ ಆಗಲಿಲ್ಲ.

ಈ ಸಹಿ, ದಲ್ಲಾಳಿ, ಕೋರ್ಟು ಯಾವುದರಲ್ಲೂ ನಮ್ಮ ಹುಡುಗನ ಹೆಸರಿಲ್ಲ. ಇಂಜಿನ್ ರೂಮಿನ ಸೆಕೆಯಲ್ಲಿ ಫಿಲ್ಟರ್ ಬಿಚ್ಚುವವನು ಮಾತ್ರ ಅವನೇ. ಇದು ನನಗೆ ಸರಿ ಕಾಣುವುದಿಲ್ಲ. 30 ದಿನವೂ ಕಡಿಮೆಯೇ. ಗಡುವನ್ನು ಎಣ್ಣೆ ಬಳಸಲು ಶುರು ಮಾಡಿದ ದಿನದಿಂದ ಎಣಿಸಬೇಕು.

ಅವನು ಹೊರಟ ದಿನ ಅಕ್ಕ ಒಂದು ಡಬ್ಬ ಚಕ್ಕುಲಿ ಕೊಟ್ಟಳು, ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕು. ನೋಟ್‌ಬುಕ್ಕು ಅವನೇ ಕೇಳಿದ್ದು. ಇನ್ನು ಮುಂದೆ ಬಂಕರ್ ತೆಗೆದುಕೊಂಡಾಗೆಲ್ಲ ಸ್ಯಾಂಪಲ್ ಬಾಟಲಿಯ ಸೀಲ್ ನಂಬರ್ ಬರೆದುಕೊಂಡು, ಅದರ ಪಕ್ಕದಲ್ಲೇ ದೂರಿನ ಕೊನೆಯ ದಿನವನ್ನೂ ಬರೆಯುತ್ತಾನಂತೆ.