ಪಿತ್ತಕೋಶದ ಗಡ್ಡೆ ಯಾವ ಬದಿಯಲ್ಲಿತ್ತು?

ತೆಗೆದ ಪಿತ್ತಕೋಶವನ್ನು ಟ್ರೇನಲ್ಲಿಟ್ಟು ನೋಡಿದರೆ ಅದಕ್ಕೆ ಎರಡು ಮುಖ. ಒಂದು ಬದಿ ನುಣುಪಾಗಿ ಹೊಳೆಯುತ್ತದೆ. ಹೊಟ್ಟೆಯೊಳಗಿನ ಪೊರೆ ಅದನ್ನು ಮುಚ್ಚಿರುತ್ತದೆ. ಇನ್ನೊಂದು ಬದಿ ಒರಟು. ಲಿವರ್‌ಗೆ ಅಂಟಿಕೊಂಡಿದ್ದ ಜಾಗ ಅದು, ಅಲ್ಲಿ ಪೊರೆ ಇಲ್ಲ.

ಐವತ್ತು ದಾಟಿದ ಒಬ್ಬ ತಾಯಿಗೆ ಬೇರೆ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿಗೆಂದು ಲ್ಯಾಪ್ರೋಸ್ಕೋಪಿ ಆಪರೇಷನ್ ಆಗಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಮಗ ರಿಪೋರ್ಟ್ ಹಿಡಿದುಕೊಂಡು ಬಂದ. "ಡಾಕ್ಟ್ರೇ, ಪಿತ್ತಕೋಶ ಪೂರ್ತಿ ತೆಗೆದಿದ್ದಾರಲ್ವಾ? ಇನ್ನೇನು ಉಳಿದಿದೆ?" ರಿಪೋರ್ಟಿನಲ್ಲಿ ಟಿ2 ಎಂದಿತ್ತು. ಗಡ್ಡೆ ಯಾವ ಬದಿಯಲ್ಲಿತ್ತು ಎಂದು ಬರೆದಿರಲಿಲ್ಲ. ಅವನ ಪ್ರಶ್ನೆಗೆ ಉತ್ತರ ಇದ್ದಿದ್ದೇ ಅಲ್ಲಿ.

ಟಿ2 ಎಂದರೆ ಗಡ್ಡೆ ಪಿತ್ತಕೋಶದ ಸ್ನಾಯು ದಾಟಿ, ಅದರಾಚೆಯ ಸಡಿಲ ಪದರಕ್ಕೆ ಬಂದಿದೆ ಎಂದರ್ಥ. ಹೊಳೆಯುವ ಬದಿಯಲ್ಲಿ ಆ ಪದರದ ಹೊರಗೆ ಪೊರೆ ಇದೆ. ಲಿವರ್ ಬದಿಯಲ್ಲಿ ಆ ಪದರ ಲಿವರ್‌ಗೇ ಕೂಡಿಕೊಂಡಿರುತ್ತದೆ. ಪಿತ್ತಕೋಶದ ಸಣ್ಣ ರಕ್ತನಾಳಗಳು ಅಲ್ಲಿಂದ ನೇರವಾಗಿ ಲಿವರ್ ಒಳಗೆ ಹೋಗುತ್ತವೆ. ಇನ್ನೂ ಒಂದು ವಿಷಯ. ಕಲ್ಲಿನ ಆಪರೇಷನ್‌ನಲ್ಲಿ ನಾವು ಪಿತ್ತಕೋಶವನ್ನು ಬಿಡಿಸುವುದೇ ಈ ಸಡಿಲ ಪದರದಲ್ಲಿ. ಅಂದರೆ ಗಡ್ಡೆಯ ಅಂಚಿನಲ್ಲೇ ಕತ್ತರಿ ಓಡಿರಬಹುದು, ಸ್ವಲ್ಪ ಕ್ಯಾನ್ಸರ್ ಲಿವರ್ ಮೇಲೆ ಉಳಿದಿರಬಹುದು.

2015ರಲ್ಲಿ ಹಲವು ದೇಶಗಳ ರೋಗಿಗಳನ್ನು ಸೇರಿಸಿದ ಅಧ್ಯಯನವೊಂದು ಪ್ರಕಟವಾಯಿತು. ಟಿ2 ಗಡ್ಡೆ ಹೊಳೆಯುವ ಬದಿಯಲ್ಲಿದ್ದವರಲ್ಲಿ ಸುಮಾರು 65% ಜನ ಆಪರೇಷನ್ ಆಗಿ 5 ವರ್ಷದ ನಂತರವೂ ಬದುಕಿದ್ದರು. ಲಿವರ್ ಬದಿಯವರಲ್ಲಿ ಸುಮಾರು 43%. ಆಳ ಒಂದೇ, ಬದಿ ಮಾತ್ರ ಬೇರೆ. ಹಾಗಾಗಿ ಕ್ಯಾನ್ಸರ್ ಹಂತಗಳನ್ನು ಗೊತ್ತುಮಾಡುವ ಅಮೆರಿಕದ ಸಮಿತಿ ಎಜೆಸಿಸಿಯ ಕೈಪಿಡಿಯ 8ನೇ ಆವೃತ್ತಿಯಿಂದ ಟಿ2ವನ್ನು ಎರಡು ಮಾಡಿದ್ದಾರೆ. ಪೊರೆಯ ಬದಿಯದು ಟಿ2ಎ, ಲಿವರ್ ಬದಿಯದು ಟಿ2ಬಿ. ಟಿ2ಬಿ ಆದರೆ ಪಿತ್ತಕೋಶ ಕೂತಿದ್ದ ಲಿವರ್ ಭಾಗವನ್ನು, ಸುತ್ತಲಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಟಿ2ಎಗೆ ಲಿವರ್ ಎಷ್ಟು ತೆಗೆಯಬೇಕು ಎಂಬ ಚರ್ಚೆ ಇನ್ನೂ ಇದೆ. ಗ್ರಂಥಿಗಳನ್ನಂತೂ ಅಲ್ಲೂ ಬಿಡುವಂತಿಲ್ಲ.

ಪಿತ್ತಕೋಶದ ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಕಷ್ಟ ಜಾಸ್ತಿ. ಪಿತ್ತನಾಳ, ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳ ಎಲ್ಲ ಅಲ್ಲೇ ಪಕ್ಕದಲ್ಲಿ. ಕಾಮಾಲೆ ಬಂದ ಮೇಲೆ ಗೊತ್ತಾಗುವವರೂ ಇದ್ದಾರೆ.

ಸರ್ಜನ್ ಮಿತ್ರರಲ್ಲಿ ಒಂದು ಕೋರಿಕೆ. ಕಲ್ಲಿನ ಕೇಸೇ ಇರಲಿ, ಪಿತ್ತಕೋಶವನ್ನು ಚೀಲದಲ್ಲಿ ಹಾಕಿ ಹೊರತೆಗೆಯಿರಿ. ಆಪರೇಷನ್ ಥಿಯೇಟರಿನಲ್ಲೇ ಸೀಳಿ ನೋಡಿ. ಒಳಗೆ ಗಟ್ಟಿ ಜಾಗ ಕೈಗೆ ಸಿಕ್ಕರೆ ಲಿವರ್ ಬದಿಗೆ ಉದ್ದ ದಾರದ ಹೊಲಿಗೆ ಹಾಕಿ, ಪ್ಯಾಥಾಲಜಿ ಫಾರ್ಮಿನಲ್ಲಿ ಹಾಗೆಂದು ಬರೆಯಿರಿ. ಫಾರ್ಮಲಿನ್ ಡಬ್ಬಿಯಲ್ಲಿ ಮುದುಡಿದ ಮೇಲೆ ಯಾವುದು ಯಾವ ಬದಿ ಎಂದು ಹೇಳುವುದು ಪ್ಯಾಥಾಲಜಿಸ್ಟ್‌ಗೂ ಕಷ್ಟ.

ಆ ತಾಯಿಯ ಹಳೇ ಸ್ಕ್ಯಾನ್ ಸಿ.ಡಿ. ಮಗನ ಹತ್ತಿರ ಇತ್ತು, ಅದೇ ಪುಣ್ಯ. ರೇಡಿಯಾಲಜಿಸ್ಟ್ ಜೊತೆ ಕೂತು ನೋಡಿದೆವು. ಲಿವರ್ ಕಡೆಯ ಗೋಡೆ ಒಂದು ಕಡೆ ದಪ್ಪಗಿತ್ತು. ಮತ್ತೆ ಆಪರೇಷನ್ ಮಾಡಿ ಆ ಲಿವರ್ ಭಾಗ ತೆಗೆದೆವು. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಲಿವರ್ ತುಂಡಿನಲ್ಲಿ ಕ್ಯಾನ್ಸರ್ ಇತ್ತು, ಕತ್ತರಿಸಿದ ಅಂಚಿನಲ್ಲಿ ಇರಲಿಲ್ಲ.