ಬರಗು ಬೇರೆ, ವರಗು ಬೇರೆ: ಆಂಟಾಲಜಿ ಕಲಿಯುವವರಿಗೆ ಒಂದು ಟಿಪ್ಪಣಿ

ಕನ್ನಡದಲ್ಲಿ ಬರಗು, ತಮಿಳಿನಲ್ಲಿ ವರಗು. ಎರಡೂ ಕಿರುಧಾನ್ಯಗಳೇ. ತಮಿಳಿನ 'ವ' ನಮ್ಮಲ್ಲಿ 'ಬ' ಆಗುವುದು ಶಾಲೆಯಲ್ಲೇ ಓದಿದ್ದು: ವೇರು–ಬೇರು, ವಾಳೈ–ಬಾಳೆ. ಹಾಗಾಗಿ ಎರಡು ರಾಜ್ಯಗಳ ಬೆಳೆ ಪಟ್ಟಿಯನ್ನು ಒಂದು ಮಾಡುವಾಗ ನಾನು ಹಿಂದೆಮುಂದೆ ನೋಡದೆ ಎರಡನ್ನೂ ಒಂದೇ ಸಾಲಿಗೆ ಸೇರಿಸಿದೆ. ಪೂರ್ತಿ ತಪ್ಪು. ನಮ್ಮ ಬರಗು ಪ್ಯಾನಿಕಮ್ ಮಿಲಿಯೇಸಿಯಮ್. ತಮಿಳಿನ ವರಗು ಪ್ಯಾಸ್ಪಾಲಮ್ ಸ್ಕ್ರೋಬಿಕ್ಯುಲೇಟಮ್, ಅಂದರೆ ನಮ್ಮ ಹಾರಕ. ನಮ್ಮ ಬರಗಿಗೆ ಅವರು ಹೇಳುವುದು ಪನಿವರಗು. ಸಾಲದ್ದಕ್ಕೆ ರಾಗಿಗೆ ಕೇಳ್ವರಗು ಅನ್ನುತ್ತಾರೆ.

ಇದೊಂದೇ ಆಗಿದ್ದರೆ ಸುಮ್ನೆ ಇರಬಹುದಿತ್ತು. ತೆಲುಗಿನ ಕೊರ್ರಲು ಅಂದರೆ ನವಣೆ, ನಮ್ಮ ಕೊರಲೆ ಅಲ್ಲ. ಕೊರಲೆಗೆ ಅವರು ಅಂಡುಕೊರ್ರಲು ಎನ್ನುತ್ತಾರೆ. ಉತ್ತರದ ಕಡೆ ಉಪವಾಸದ ದಿನ ಬೇಯಿಸುವ 'ಸಮಾ ಕೆ ಚಾವಲ್' ಸಾಮೆ ಅಕ್ಕಿ ಅಲ್ಲ, ಸಾಮಾನ್ಯವಾಗಿ ಅದು ಊದಲು. ಅಕ್ಷರ ಹೋಲಿಸಿ ಜೋಡಿಸುವ ಪ್ರೋಗ್ರಾಮ್ ಈ ಮೂರು ಕಡೆಯೂ ಮುಗ್ಗರಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಗ್ಗರಿಸಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಮೊತ್ತ ಬರುತ್ತದೆ, ಗ್ರಾಫ್ ಬರುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ.

ಆಂಟಾಲಜಿ ಬೇಕಾಗುವುದು ಇಲ್ಲೇ. ಪಾಠಗಳೆಲ್ಲ ಕಂಪ್ಯೂಟರ್ ವಿಜ್ಞಾನಿ ಟಾಮ್ ಗ್ರೂಬರ್ 1993ರಲ್ಲಿ ಕೊಟ್ಟ ವ್ಯಾಖ್ಯೆಯಿಂದ ಶುರುವಾಗುತ್ತವೆ. ಮೊದಲ ಓದಿಗೆ ನನ್ನ ತಲೆಗೆ ಅದು ಹತ್ತಲಿಲ್ಲ. ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಒಂದು ಕ್ಷೇತ್ರದಲ್ಲಿ ಏನೇನು ಇದೆ, ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ ಎಂದು ಕಂಪ್ಯೂಟರ್‌ಗೂ ತಿಳಿಯುವಂತೆ ಬರೆದಿಟ್ಟ ಒಪ್ಪಂದ. ಹೆಸರುಗಳ ನಿಘಂಟು ಅಲ್ಲ. ಹೆಸರು ಇಲ್ಲಿ ಬರೀ ಚೀಟಿ. ಮೊದಲು ವಸ್ತುವಿಗೆ ಒಂದು ಐಡಿ, ಆಮೇಲೆ ಅದರ ಮೇಲೆ ಎಷ್ಟು ಭಾಷೆಯ ಚೀಟಿ ಬೇಕಾದರೂ ಅಂಟಿಸಬಹುದು.

ವೈಜ್ಞಾನಿಕ ಹೆಸರನ್ನೇ ಐಡಿ ಮಾಡಿಕೊಂಡರೆ ಆಗದೇ ಅಂತ ನನಗೂ ಅನ್ನಿಸಿತ್ತು. ಸಜ್ಜೆಯನ್ನು ನೋಡಿ. ಪೆನ್ನಿಸೆಟಮ್ ಗ್ಲಾಕಮ್ ಎಂದು ಓದಿಕೊಂಡು ಬಂದದ್ದು ಈಗ ಹಲವು ಕಡೆ ಸೆಂಕ್ರಸ್ ಅಮೆರಿಕಾನಸ್ ಆಗಿದೆ. ಗಿಡ ಅದೇ, ಹೆಸರು ಬೇರೆ. ಅದಕ್ಕೇ ಐಡಿಯಲ್ಲಿ ಅರ್ಥ ತುಂಬಬಾರದು. ಅರ್ಥವಿಲ್ಲದ ಸಂಖ್ಯೆಯೇ ವಾಸಿ. ಜೀನ್‌ಗಳು ಮಾಡುವ ಕೆಲಸಗಳನ್ನು ವಿವರಿಸುವ ಜೀನ್ ಆಂಟಾಲಜಿಯವರು ಮಾಡಿದ್ದು ಇದನ್ನೇ. 1998ರಲ್ಲಿ ಹಣ್ಣುನೊಣ, ಯೀಸ್ಟ್ ಮತ್ತು ಇಲಿಯ ಡೇಟಾಬೇಸ್ ನಡೆಸುತ್ತಿದ್ದವರು ಒಟ್ಟು ಸೇರಿ ಅದನ್ನು ಶುರು ಮಾಡಿದರು. ಜೀವಕೋಶದೊಳಗೆ ನಡೆಯುವ ಒಂದೇ ಕೆಲಸಕ್ಕೆ ಮೂರು ಕಡೆ ಮೂರು ಮಾತು ಬಳಕೆಯಲ್ಲಿತ್ತು. ಪ್ರತಿ ಪರಿಕಲ್ಪನೆಗೆ ಏಳಂಕಿಯ ಒಂದು ಸಂಖ್ಯೆ ಕೊಟ್ಟು, 'ಇದರ ಬಗೆ', 'ಇದರ ಭಾಗ' ಎಂಬ ಸಂಬಂಧಗಳಿಂದ ಹೆಣೆದರು. ಇಲಿಗೂ ಯೀಸ್ಟ್‌ಗೂ ಒಂದೇ ಪ್ರಶ್ನೆ ಕೇಳಲು ಸಾಧ್ಯವಾಗಿದ್ದು ಆಗ.

ಬರೆಯುವ ರೀತಿ ಸುಲಭ. ಇದಕ್ಕೆ ಬಳಸುವ ಆರ್‌ಡಿಎಫ್ ಎಂಬ ಮಾನಕದಲ್ಲಿ ಪ್ರತಿ ಮಾತೂ ಮೂರು ತುಂಡು: ನವಣೆ – ಇದರ ಬಗೆ – ಕಿರುಧಾನ್ಯ. ಇಂಥವು ನೂರಾರು ಸೇರಿದರೆ ಒಂದು ಬಲೆ. 'ಕಿರುಧಾನ್ಯದ ಸಾಲುಗಳನ್ನೆಲ್ಲ ಕೊಡು' ಎಂದರೆ, ಆ ಪದವೇ ಇಲ್ಲದ ನವಣೆಯ ಸಾಲುಗಳೂ ಬರುತ್ತವೆ. ವಾಕ್ಯರಚನೆ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದು. ಅದರ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ.

ಹೊತ್ತು ಕಳೆಯಬೇಕಾದ್ದು ಜೋಡಣೆಯ ಮೇಲೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶದಲ್ಲಿ 'ಮಿಲೆಟ್' ಎಂಬ ಒಂದೇ ಬಾಬ್ತು ಇದೆ. ಸಜ್ಜೆ, ರಾಗಿ, ನವಣೆ, ಬರಗು ಎಲ್ಲ ಅದರೊಳಗೇ. ಜೋಳ ಮಾತ್ರ ಅದರಲ್ಲಿಲ್ಲ, ಅದರದ್ದು ಬೇರೆ ಬಾಬ್ತು. ನಮ್ಮ ಕೇಂದ್ರ ಸರ್ಕಾರ 2018ರಲ್ಲಿ ಪೌಷ್ಟಿಕ ಧಾನ್ಯ ಎಂದು ಹೊರಡಿಸಿದ ಪಟ್ಟಿಯಲ್ಲಿ ಜೋಳ ಇದೆ. ಹುಲ್ಲಿನ ಕುಲಕ್ಕೇ ಸೇರದ ಕುಟ್ಟು, ರಾಜಗಿರಿಯೂ ಇವೆ. ಇನ್ನು ನಮ್ಮ 'ಸಿರಿಧಾನ್ಯ'? ಕೆಲವರಿಗೆ ಅದು ನವಣೆ, ಸಾಮೆ, ಹಾರಕ, ಊದಲು, ಕೊರಲೆ ಮಾತ್ರ. ಕೆಲವರು ರಾಗಿ, ಜೋಳವನ್ನೂ ಸೇರಿಸಿಯೇ ಹೇಳುತ್ತಾರೆ. ಮೂರನ್ನೂ 'ಒಂದೇ' ಎಂದು ಗಂಟು ಹಾಕಿದಿರೋ, ಜೋಳ ಒಂದು ಕಡೆ ಎರಡು ಸಲ ಎಣಿಕೆಯಾಗುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ.

ಸ್ಕಾಸ್ ಎಂಬ ಮಾನಕದಲ್ಲಿ ಇದಕ್ಕೆ ಬೇರೆ ಬೇರೆ ಗಂಟುಗಳಿವೆ: ಪೂರ್ತಿ ಹೊಂದುತ್ತದೆ, ಹತ್ತಿರ ಇದೆ, ಇದಕ್ಕಿಂತ ಅದು ವಿಶಾಲ, ಇದಕ್ಕಿಂತ ಅದು ಕಿರಿದು. 'ಪೂರ್ತಿ ಹೊಂದುತ್ತದೆ' ಎನ್ನುವುದನ್ನು ಕೈಬಿಗಿ ಹಿಡಿದು ಬಳಸಿ. ನನ್ನ ಮೊದಲ ಹಾಳೆಯಲ್ಲಿ ಎಲ್ಲ ಸಾಲಿಗೂ ಅದನ್ನೇ ಹಾಕಿದ್ದೆ. ಈಗ ಅರ್ಧಕ್ಕರ್ಧ ಕಡಿಮೆಯಾಗಿದೆ.

ಬೆಳೆ ಹೊಂದಿದರೆ ಸಾಲದು, ಅಳತೆಯೂ ಹೊಂದಬೇಕು. ಬೆಳೆಗಳ ಗುಣಗಳಿಗೆಂದೇ ಇರುವ ಕ್ರಾಪ್ ಆಂಟಾಲಜಿಯಲ್ಲಿ ಒಂದು ಅಳತೆ ಅಂದರೆ ಮೂರು ಸೇರಿದ್ದು: ಯಾವ ಗುಣ, ಯಾವ ವಿಧಾನ, ಯಾವ ಮಾನ. ಸುಮ್ನೆ 'ಇಳುವರಿ 10' ಎಂದರೆ ಏನೂ ಹೇಳಿದಂತಾಗಲಿಲ್ಲ. ಎಕರೆಗೆ 10 ಕ್ವಿಂಟಾಲ್ ಅಂದರೆ ಹೆಕ್ಟೇರಿಗೆ ಸುಮಾರು 2.47 ಟನ್. ತೂಗಿದ್ದು ಸಿಪ್ಪೆ ಸಮೇತವೋ, ಅಕ್ಕಿ ಮಾಡಿದ ಮೇಲೋ? ವರ್ಷದ ವಿಷಯವೂ ಹಾಗೇ. ನಮ್ಮ ಕೃಷಿ ವರ್ಷ ಜುಲೈನಿಂದ ಜೂನ್‌ವರೆಗೆ. ಜಾಗತಿಕ ಪಟ್ಟಿಯಲ್ಲಿ ಕ್ಯಾಲೆಂಡರ್ ವರ್ಷ.

ಕೊನೆಯದಾಗಿ, ನಾನು ಎರಡು ದಿನ ತಲೆ ಕೆಡಿಸಿಕೊಂಡ ಒಂದು ವಿಷಯ. ಔಲ್ ಎಂಬ ಆಂಟಾಲಜಿ ಭಾಷೆಯಲ್ಲಿ 'ಒಂದು ತಾಕಿಗೆ ಒಂದೇ ಬೆಳೆ' ಎಂದು ನಿಯಮ ಬರೆದಿದ್ದೆ. ಡೇಟಾಬೇಸ್ ಅಭ್ಯಾಸ ನೋಡಿ, ಎರಡು ಬೆಳೆ ಬಂದರೆ ತಪ್ಪು ಅಂತ ಕೂಗುತ್ತದೆ ಎಂದುಕೊಂಡೆ. ಒಂದು ತಾಕಿನಲ್ಲಿ ಅಕ್ಕಡಿ ಸಾಲು ಹಾಕಿದ್ದರು. ನಾನು ಮೊದಲು ದಾಖಲಿಸಿದ್ದು ರಾಗಿ ಮತ್ತು ಅವರೆ. ನಿಯಮಗಳಿಂದ ತರ್ಕ ಮಾಡುವ ಪ್ರೋಗ್ರಾಮ್, ಅಂದರೆ ರೀಸನರ್, ಕೂಗಲಿಲ್ಲ. ತಣ್ಣಗೆ ಒಂದು ಹೊಸ ಸಂಗತಿ ಕಂಡುಹಿಡಿದು ಕೊಟ್ಟಿತು: ರಾಗಿಯೂ ಅವರೆಯೂ ಒಂದೇ!

ಅದರ ತಪ್ಪಲ್ಲ. ಹೆಸರು ಎರಡಿದ್ದರೆ ವಸ್ತುವೂ ಎರಡು ಎಂದು ಔಲ್ ನಂಬುವುದಿಲ್ಲ. ಬೆಳೆ ಒಂದೇ ಎಂದಿದ್ದೀರಿ, ಎರಡು ಹೆಸರು ಕೊಟ್ಟಿದ್ದೀರಿ, ಹಾಗಾದರೆ ಅವು ಒಂದರದ್ದೇ ಹೆಸರು ಎಂಬುದು ಅದರ ಲೆಕ್ಕ. ಇವು ಬೇರೆ ಬೇರೆ ಎಂದು ನಾವೇ ಬರೆದರೆ ಮಾತ್ರ ವಿರೋಧ ತೋರಿಸುತ್ತದೆ. ಔಲ್ ಇರುವುದು ಹೊಸ ಸಂಗತಿ ಊಹಿಸಲು, ಡೇಟಾ ತಪಾಸಣೆಗೆ ಅಲ್ಲ. ತಪಾಸಣೆಗೆ ಅಂತಲೇ 2017ರಲ್ಲಿ ಶಾಕಲ್ ಎಂಬ ಬೇರೆ ಮಾನಕ ಬಂದಿದೆ. ಅದಾದರೆ 'ಇಲ್ಲಿ ಎರಡಿದೆ' ಎಂದು ಬೆರಳಿಟ್ಟು ತೋರಿಸುತ್ತದೆ.

ಆದರೆ ನನ್ನ ನಿಯಮವೇ ಸರಿಯಿರಲಿಲ್ಲ ಅಲ್ವಾ? ಅಕ್ಕಡಿ ಸಾಲು ಎಲ್ಲಿಂದಲೋ ಬಂದ ಅಪವಾದವೇನಲ್ಲ, ರಾಗಿ ಹೊಲದ ಹಳೆಯ ಪದ್ಧತಿ. ನಿಯಮ ಕಿತ್ತು ಹಾಕಿ, ತಾಕಿಗೂ ಬೆಳೆಗೂ ನಡುವೆ 'ಬಿತ್ತನೆ' ಎಂಬ ವರ್ಗ ತಂದೆ. ಅದೇ ತಾಕಿಗೆ ಈಗ ನಾಲ್ಕು ಬಿತ್ತನೆಗಳಿವೆ: ರಾಗಿ, ಅವರೆ, ತೊಗರಿ, ಹುಚ್ಚೆಳ್ಳು. ಮೂರಕ್ಕೆ ಐಡಿ ಸಿಕ್ಕಿದೆ. ಹುಚ್ಚೆಳ್ಳಿಗೆ ನನ್ನ ಜೋಡಣೆ ಪ್ರೋಗ್ರಾಮ್ ಮೊದಲು ತೋರಿಸಿದ್ದು ಎಳ್ಳನ್ನು. ಅದನ್ನು ಅಳಿಸಿ, ಇನ್ನೂ ಹುಡುಕುತ್ತಿದ್ದೇನೆ.